ಸೊನ್ನೆಯ ಕಾರಿನ ಹಿಂದಿನ ಚಕ್ರಗಳು

ಸೊನ್ನೆ ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನ ಯಜಮಾನರ ಮಗ ಕೆಲಸದ ಜಾಗದಲ್ಲೇ ಉಳಿದಿದ್ದ ಅವನ ಕಾರನ್ನು ಹೊರಗೆ ಒಯ್ದು, ಹಿಂದಿನ ಡಿಫರೆನ್ಶಿಯಲ್ ಒಡೆದು, ತಳ್ಳಿಸಿಕೊಂಡು ತಂದು ವರ್ಕ್‌ಶಾಪಿನ ಹಿತ್ತಲಲ್ಲಿ ನಿಲ್ಲಿಸಿದ. ಕೀಲಿಯನ್ನು ಮೊದಲಿದ್ದ ಮೊಳೆಗೇ ಸಿಕ್ಕಿಸಿದ.

ಹಿತ್ತಲಲ್ಲಿ ಗಾಡಿ ನಿಲ್ಲಿಸುವ ಕೆಲಸಗಾರರೆಲ್ಲ ಕೀಲಿಯನ್ನು ಬಾಗಿಲ ಪಕ್ಕದ ಹಲಗೆಗೆ ತೂಗುಹಾಕಬೇಕು ಎಂಬುದು ಅಲ್ಲಿನ ನಿಯಮ. ಸಾಮಾನಿನ ಲಾರಿ ಬಂದಾಗ ಯಾರ ಗಾಡಿಯನ್ನು ಯಾರು ಬೇಕಾದರೂ ಸರಿಸಬಹುದಲ್ಲ, ಅದಕ್ಕೆ. ಯಜಮಾನರ ಮನೆಯ ಗಾಡಿಗಳಿಗೆ ಆ ಹಲಗೆಯಲ್ಲಿ ಮೊಳೆ ಇರಲಿಲ್ಲ. ಅವರ ಗಾಡಿಗೆ ಅಡ್ಡ ಬಂದದ್ದನ್ನು ಸರಿಸುತ್ತಿದ್ದರೇ ಹೊರತು ಅವರ ಗಾಡಿಯನ್ನು ಸರಿಸುವ ಧೈರ್ಯ ಯಾವ ಲಾರಿಗೂ ಬಂದಿರಲಿಲ್ಲ.

ಸೊನ್ನೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವರ್ಕ್‌ಶಾಪಿನ ತೀರಾ ಕೊನೆಯ ಕೋಣೆಯಲ್ಲಿ ಚಕ್ರದ ಅಲೈನ್‌ಮೆಂಟ್ ನೋಡುವುದು ಅವನ ಕೆಲಸ. ಚಕ್ರ ಒಳಕ್ಕೆ ತಿರುಗಿದೆಯೋ ಹೊರಕ್ಕೆ ತಿರುಗಿದೆಯೋ ಅಳೆದು, ಬಿಗಿದು ಸಡಿಲಿಸಿ, ಪರದೆಯ ಮೇಲೆ ಸೊನ್ನೆ ಮೂಡಿದಾಗ "ಸೊನ್ನೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೇರೆಯವರಿಗೆ ಹೇಳೋಣವೆಂದರೆ ಆ ಕೋಣೆಯಲ್ಲಿ ಬೇರೆಯವರು ಇರಲಿಲ್ಲ. ಒಂದು ದಿನ ಯಾರೋ ಕೇಳಿಸಿಕೊಂಡರು, ಹೆಸರು ಅಂಟಿಕೊಂಡಿತು. ಕಂಡವರ ಗಾಡಿಗಳನ್ನೆಲ್ಲ ನೇರ ದಾರಿಗೆ ಹಚ್ಚಿ ಕಳಿಸುತ್ತಿದ್ದ. ನೇರ ಹೋಗುವ ಗಾಡಿ ಹಿಂದಿರುಗಿ ನೋಡುವುದಿಲ್ಲ. ಆದ್ದರಿಂದ ಅವನನ್ನು ಯಾರೂ ಹಿಂದಿರುಗಿ ನೋಡಿರಲಿಲ್ಲ.

ಅವನ ಕಾರಿನದೇ ಒಂದು ಕತೆ. ಮರಕ್ಕೆ ಗುದ್ದಿ ಮುಖ ಮುರಿದುಕೊಂಡಿದ್ದ ಎರಡು ಬಾಗಿಲಿನ ಬಿಳಿ ಕಾರನ್ನು ಅವನು ಗುಜರಿಯಿಂದ ಎಳೆಸಿಕೊಂಡು ಬಂದಿದ್ದ. ಉಳಿದವರು ಸಂಜೆ ಮನೆಗೆ ಹೋಗುತ್ತಿದ್ದರು, ಇವನು ಹಿತ್ತಲಿಗೆ ಹೋಗುತ್ತಿದ್ದ. ವರ್ಷಗಳ ಮೇಲೆ ವರ್ಷ ಬಡಿದು, ಬೆಸೆದು, ದೊಡ್ಡ ಎಂಜಿನ್ ಕೂರಿಸಿ, ಕೊನೆಗೆ ಅದನ್ನು ರಸ್ತೆಗೆ ಇಳಿಸಿದಾಗ ಅದು ಕಟ್ಟು ಬಿಚ್ಚಿದ ಹೋರಿಯಂತೆ ಓಡಿತು. ಭಾನುವಾರ ಬೆಟ್ಟದ ರಸ್ತೆಯ ತಿರುವುಗಳನ್ನು ಹತ್ತಿ ಇಳಿದು ಬರುತ್ತಿದ್ದ. ಹೋಗಿಬಂದದ್ದನ್ನು ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ, ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ, ನಾನು ನಿನ್ನೆ ನಿಜವಾಗಲೂ ಹೋಗಿದ್ದೆನೋ ಇಲ್ಲವೋ ಎಂಬ ಅನುಮಾನ ಅವನಿಗೇ ಬರುತ್ತಿತ್ತು.

ಜ್ವರ ಬಿಟ್ಟ ಮೇಲೆ ಬಸ್ಸಿನಲ್ಲಿ ಬಂದು, ಕಾರಿಗೆ ಕೀಲಿ ಕೊಟ್ಟು, ಗೇರಿಗೆ ಹಾಕಿದ. ಎಂಜಿನ್ ಕೂಗಿತು. ಹಿಂದುಗಡೆ ಡಬ್ಬಿಯಲ್ಲಿ ಗುಂಡುಕಲ್ಲು ಅಲ್ಲಾಡಿಸಿದ ಸದ್ದು ಬಂತು. ಕಾರು ಮಾತ್ರ ಸರ್ಕಾರಿ ಕಚೇರಿಯ ಕಡತದಂತೆ ಕದಲಲಿಲ್ಲ. ಅವನು ಕೆಳಗೆ ಬಗ್ಗಿ ನೋಡುವಷ್ಟರಲ್ಲಿ ಯಜಮಾನರು ಕರೆಯುತ್ತಾರೆಂದು ಹೇಳಿಕಳಿಸಿದರು.

ಯಜಮಾನರ ಗಾಜಿನ ಕೋಣೆಯಲ್ಲಿ ನಡೆದದ್ದು ಇಷ್ಟು. ಮಗನ ಹತ್ತಿರ ಇರುವುದು ಇದೇ ಕಂಪನಿಯ ಇದೇ ಕಾರಿನ ಹೊಸ ನಮೂನೆ, ಹಳೆಯದು ಹೇಗೆ ಜಾರುತ್ತದೆ ನೋಡಬೇಕೆಂಬ ಆಸೆ ಅವನಿಗೆ, ವಯಸ್ಸೇ ಅಂಥದ್ದು, ಅಲ್ಲದೆ ಆ ಹಳೇ ಡಿಫರೆನ್ಶಿಯಲ್ ಇವತ್ತಲ್ಲ ನಾಳೆ ಹೋಗುವಂಥದ್ದೇ ಆಗಿತ್ತು, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ತಪ್ಪಾಯಿತು ಎಂಬ ಮಾತೊಂದನ್ನು ಬಿಟ್ಟು ಉಳಿದ ಮಾತೆಲ್ಲ ಅವರ ಬಾಯಿಂದ ಬಂದವು. ಕೊನೆಗೆ, "ಸಂಜೆ ಸಾಮಾನಿನ ವ್ಯಾನ್ ಬರುತ್ತೆ. ಲಿಮಿಟೆಡ್ ಸ್ಲಿಪ್ ಎರಡು ಥರದ್ದೂ ತರೋಕೆ ಹೇಳಿದೀನಿ. ಯಾವುದು ಬೇಕು ಅಂತ ಯೋಚನೆ ಮಾಡಿ ಹೇಳು, ಅದನ್ನೇ ಇಳಿಸ್ಕೊಳೋಣ. ಹೊರಗೆ ಮಾತ್ರ ಸುದ್ದಿ ಬೇಡ" ಅಂದರು.

ಸೊನ್ನೆ "ತುಂಬಾ ಉಪಕಾರ ಆಯ್ತು ಸಾರ್" ಎಂದು ಹೇಳಿ ಹೊರಗೆ ಬಂದ. ತನ್ನ ವಸ್ತುವನ್ನು ಒಡೆದವರಿಗೆ ಉಪಕಾರ ಹೇಳಿ ಬಂದೆನೆಂಬುದು ಅವನಿಗೆ ಕೋಣೆ ತಲುಪಿ, ಸ್ಟೂಲಿನ ಮೇಲೆ ಕೂತು, ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು.

ಡಿಫರೆನ್ಶಿಯಲ್ ಎಂದರೆ ಏನೆಂದು ತಿಳಿಯದವರು ಹೀಗೆ ತಿಳಿದುಕೊಳ್ಳಬಹುದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎಂಜಿನ್ನಿನ ಬಲವನ್ನು ಎರಡಕ್ಕೂ ಹಂಚಿ, ಅವುಗಳ ಪಾಡಿಗೆ ಅವು ಓಡುವಂತೆ ನೋಡಿಕೊಳ್ಳುವ ಗಡ್ಡೆಯೇ ಡಿಫರೆನ್ಶಿಯಲ್. ಸಾಮಾನ್ಯ ಕಾರಿನದಕ್ಕೆ ಒಂದು ಕೆಟ್ಟ ಬುದ್ಧಿ ಇದೆ. ಒಂದು ಚಕ್ರ ಕೆಸರಿಗೆ ಬಿದ್ದು ಸುಮ್ಮನೆ ಗಿರಗಿರ ತಿರುಗತೊಡಗಿದರೆ ಬಲವೆಲ್ಲ ಅದರ ಪಾಲಾಗುತ್ತದೆ; ನೆಲ ಕಚ್ಚಿ ನಿಂತ ಚಕ್ರ ಮಿಕಿಮಿಕಿ ನೋಡುತ್ತ ನಿಲ್ಲುತ್ತದೆ. ಆ ಅನ್ಯಾಯಕ್ಕೆ ಕಡಿವಾಣ ಹಾಕುವುದೇ ಲಿಮಿಟೆಡ್ ಸ್ಲಿಪ್. ಅದರಲ್ಲಿ ಒಂದು ಜಾತಿ ಪ್ಲೇಟಿನದು. ತೆಳ್ಳಗಿನ ಬಿಲ್ಲೆಗಳು ಒತ್ತಿಕೊಂಡು ಎರಡೂ ಚಕ್ರವನ್ನು ಬಿಗಿಹಿಡಿಯುತ್ತವೆ. ಹಿಡಿತ ಗಟ್ಟಿ, ಆದರೆ ನಿಧಾನಕ್ಕೆ ತಿರುಗಿಸುವಾಗ ಹಲ್ಲು ಕಡಿಯುವ ಸದ್ದು, ಆಗಾಗ ಎಣ್ಣೆ ಬದಲಿಸಬೇಕು, ಬಿಲ್ಲೆಗಳು ಸವೆಯುತ್ತವೆ. ಇನ್ನೊಂದು ಗೇರಿನದು. ಓರೆಹಲ್ಲಿನ ಗೇರುಗಳೇ ಒಂದಕ್ಕೊಂದು ಒತ್ತಿ ಹಿಡಿಯುತ್ತವೆ. ಸದ್ದಿಲ್ಲ, ಸವೆತವಿಲ್ಲ, ಆದರೆ ಒಂದು ಚಕ್ರ ಗಾಳಿಗೆ ಎದ್ದಿತೆಂದರೆ ಕೈಚೆಲ್ಲಿ ಕೂರುತ್ತದೆ.

ರೇಸಿಗೆ ಹೋಗುವವನಿಗೆ ಪ್ಲೇಟು, ರಸ್ತೆಯಲ್ಲಿ ಓಡಿಸುವವನಿಗೆ ಗೇರು. ಸೊನ್ನೆ ರೇಸಿಗೆ ಹೋಗುವವನಲ್ಲ. ಒಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅವನ ತೀರ್ಮಾನ ಆಗಿಹೋಗಿತ್ತು. ಗೇರು.

ತೀರ್ಮಾನ ಹೇಳಿಬರೋಣವೆಂದು ಏಳುವಷ್ಟರಲ್ಲಿ ಬಾಗಿಲಲ್ಲಿ ಗೇರ್‌ಬಾಕ್ಸ್ ಮೇಸ್ತ್ರಿ ಕಾಣಿಸಿಕೊಂಡ. ಎರಡು ಕೈಯಲ್ಲಿ ಎರಡು ಲೋಟ ಟೀ.

ಯಜಮಾನರ ಗಾಜಿನ ಬಾಗಿಲ ಪಕ್ಕದಲ್ಲೇ, ಗಿರಾಕಿಗಳಿಗೆ ಬಿಲ್ ಬರೆದುಕೊಡುವ, ಎಲ್ಲರೂ ಬಿಲ್ಲಿನ ಅಕ್ಕ ಎಂದು ಕರೆಯುವ ಹೆಂಗಸಿನ ಮೇಜು. ಗಾಜಿನೊಳಗೆ ಕೆಮ್ಮಿದರೂ ಅದು ಅವಳ ಕಿವಿಗೆ ಬಿದ್ದು ವರ್ಕ್‌ಶಾಪಿನ ಮೂಲೆಮೂಲೆಗೆ ಹಂಚಿಹೋಗುತ್ತಿತ್ತು. ಮೇಸ್ತ್ರಿಗೆ ಸುದ್ದಿ ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಟೀಯದು. ಸೊನ್ನೆಯ ಕೋಣೆಗೆ ಈ ತನಕ ಟೀ ನಡೆದುಬಂದದ್ದಿಲ್ಲ, ಸೊನ್ನೆಯೇ ಟೀಯ ಹತ್ತಿರ ಹೋಗಿ, ನಿಂತು ಕುಡಿದು ಬರುತ್ತಿದ್ದ. ಮೇಸ್ತ್ರಿ ಹಲ್ಲುಚಕ್ರದ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ, ಕೂತು, ಒಂದು ಲೋಟ ಮುಂದಕ್ಕೆ ಚಾಚಿ, ಪ್ಲೇಟು ಎಂಬುದು ಗಂಡಸಿನ ವಸ್ತು ಎಂಬ ವಿಷಯವಾಗಿ ಮಾತು ತೆಗೆದ. ತನ್ನ ಕೈಯಾರೆ ಬಿಲ್ಲೆ ಜೋಡಿಸಿ ಕೊಡುತ್ತೇನೆಂದ. ಬೆಟ್ಟದ ರಸ್ತೆಯ ಯಾವ ತಿರುವಿನಲ್ಲಿ ಕಾರು ಜಾರುತ್ತದೆಂದು ಕೇಳಿದ. ಸೊನ್ನೆ ಆ ತಿರುವಿನ ಬಗ್ಗೆ ಹೇಳಿದ. ಮೇಸ್ತ್ರಿ ಕೇಳಿಸಿಕೊಂಡ. ಆಮೇಲೆ ಇನ್ನೊಂದು ತಿರುವು. ಅದನ್ನೂ ಕೇಳಿಸಿಕೊಂಡ. ಸೊನ್ನೆಯ ಗಂಟಲು ಅಷ್ಟು ಮಾತಾಡಿ ಅಭ್ಯಾಸ ಇಲ್ಲದೆ ಒಣಗಿಹೋಯಿತು.

"ಹಾಗಾದ್ರೆ ಪ್ಲೇಟೇ ಅಲ್ವಾ?" ಎಂದು ಮೇಸ್ತ್ರಿ ಕೇಳಿದ.

ಗೇರು ಎನ್ನಬೇಕೆಂದು ಬಾಯಿ ತೆರೆದ ಸೊನ್ನೆ ಲೋಟದ ಕಡೆ ನೋಡಿದ. ಗೇರು ಎಂದರೆ ಮೇಸ್ತ್ರಿ ಎದ್ದು ಹೋಗುತ್ತಾನೆ. ಪ್ಲೇಟು ಎಂದರೂ ಎದ್ದು ಹೋಗುತ್ತಾನೆ. ಮಾತು ಮುಗಿದಲ್ಲಿ ಯಾರು ತಾನೇ ಕೂರುತ್ತಾರೆ?

"ನೋಡೋಣ" ಅಂದ.

ಮೇಸ್ತ್ರಿ ಇನ್ನೊಂದು ಗಳಿಗೆ ಕೂತ.

ಅವನು ಎದ್ದು ಹೋದ ಬೆನ್ನಿಗೇ ಎಲೆಕ್ಟ್ರಿಷಿಯನ್ ಬಂದ. ಮೇಸ್ತ್ರಿಗೂ ಅವನಿಗೂ ಹಾವು ಮುಂಗುಸಿ. ಮೇಸ್ತ್ರಿ ಹಗಲು ಎಂದರೆ ಇವನು ಕತ್ತಲೆ ಎಂದು ಟಾರ್ಚು ಹಚ್ಚುವವನು. ಮೇಸ್ತ್ರಿ ಪ್ಲೇಟು ಎಂದಿದ್ದಾನೆ ಎಂಬ ಒಂದೇ ಕಾರಣಕ್ಕೆ ಗೇರಿನ ಪರವಾಗಿ ನಿಂತ. ನಿಂತ ಮೇಲೆ ಗೇರಿನಲ್ಲಿ ಒಳ್ಳೆಯ ಗುಣಗಳು ನಿಜವಾಗಿಯೂ ಇವೆಯೆಂದು ತಿಳಿದು ಅವನಿಗೇ ಸಂತೋಷವಾಯಿತು. ಅವನು ಟೀಯ ಜೊತೆ ಬಿಸ್ಕತ್ತನ್ನೂ ತಂದಿದ್ದ. ಸೊನ್ನೆಯ ತೀರ್ಮಾನ ಗೇರೇ ಆಗಿದ್ದರಿಂದ ಇವನಿಗೆ ಒಪ್ಪಿಗೆ ಹೇಳಿ ಮುಗಿಸಬಹುದಿತ್ತು. ಆದರೆ ಬಿಸ್ಕತ್ತಿನ ಪೊಟ್ಟಣದಲ್ಲಿ ಇನ್ನೂ ಅರ್ಧ ಉಳಿದಿತ್ತು.

"ನೋಡೋಣ" ಅಂದ.

ಹೊತ್ತು ಏರಿದಂತೆ ಕೋಣೆ ಮದುವೆ ಮನೆಯ ಅಂಗಳವಾಯಿತು. ಬಿಲ್ಲಿನ ಅಕ್ಕ ಬಂದು, ಸದ್ದು ಮಾಡುವ ವಸ್ತುವನ್ನು ಹಾಕಿಸಿಕೊಂಡು ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಿಸಬೇಡವೆಂದು ಬುದ್ಧಿ ಹೇಳಿದಳು. ಸೊನ್ನೆಗೆ ಅಕ್ಕಪಕ್ಕದ ಮನೆಯವರ ಮುಖ ಗೊತ್ತಿರಲಿಲ್ಲ. ಆದರೂ ಅವರ ನಿದ್ದೆಯ ಬಗ್ಗೆ ಗಂಭೀರವಾಗಿ ತಲೆಯಾಡಿಸಿದ. ಬ್ರೇಕು ಸರಿಮಾಡಿಸಲು ಬಂದಿದ್ದ ಕಣ್ಣಿನ ವೈದ್ಯರೊಬ್ಬರು ತಮ್ಮ ಗಾಡಿಯ ನಾಲ್ಕು ಚಕ್ರವೂ ಬಿಚ್ಚಿ ಬಿದ್ದಿರುವುದನ್ನು ಮರೆತು ಪ್ಲೇಟಿನ ಪಕ್ಷ ಸೇರಿದರು. ಎಲೆಕ್ಟ್ರಿಷಿಯನ್ ಚರ್ಚೆಯ ಬಿಸಿಯಲ್ಲಿ ಯಾರದೋ ಗಾಡಿಯ ತಂತಿ ಅದಲುಬದಲು ಮಾಡಿ, ಹಾರ್ನ್ ಒತ್ತಿದರೆ ವೈಪರ್ ಓಡುವಂತೆ ಮಾಡಿದ. ವೆಲ್ಡಿಂಗಿನವನು ಮಾತ್ರ ಯಾವ ಪಕ್ಷಕ್ಕೂ ಸೇರದೆ ಬಾಗಿಲಲ್ಲಿ ನಿಂತು, ನಾಲ್ಕು ಟಾಕಿ ಬೆಸುಗೆ ಹಾಕಿ ಎರಡೂ ಚಕ್ರವನ್ನು ಒಂದೇ ಮಾಡಿಬಿಟ್ಟರೆ ಜಗಳವೇ ಇರುವುದಿಲ್ಲ ಎಂದ. ಹಾಗೆ ಮಾಡಿದರೆ ಪ್ರತಿ ತಿರುವಿನಲ್ಲೂ ಟೈರು ಕಿರುಚಿಕೊಳ್ಳುತ್ತದಲ್ಲ ಎಂದು ಎರಡೂ ಪಕ್ಷದವರು ಅವನ ಮೇಲೆ ಬಿದ್ದರು.

"ಕಿರುಚಿಕೊಳ್ಳಲಿ ಬಿಡ್ರಪ್ಪ" ಅಂದ ವೆಲ್ಡಿಂಗಿನವನು. "ಇಲ್ಲಿ ಸುಮ್ನೆ ತಿರುಗೋನಿಗೆ ಎಲ್ಲಾ ಸಿಗುತ್ತೆ, ನೆಲ ಕಚ್ಚಿ ನಿಂತೋನಿಗೆ ಏನೂ ಇಲ್ಲ. ಅವನೂ ಒಂದು ದಿನ ಕಿರುಚಲಿ."

ಎಲ್ಲರೂ ನಕ್ಕರು. ನಕ್ಕವರೆಲ್ಲ ಒಂದು ಸಲ ಗಾಜಿನ ಕೋಣೆಯ ಕಡೆ ನೋಡಿ, ಅಲ್ಲಿಗೆ ಕೇಳಿಸಿಲ್ಲವೆಂದು ಖಾತ್ರಿಮಾಡಿಕೊಂಡು, ಉಳಿದ ನಗುವನ್ನು ನಕ್ಕರು.

ಊಟದ ಹೊತ್ತಿಗೆ ಸಂಗತಿ ಕೈಮೀರಿತ್ತು. ಪ್ಲೇಟಿನವರು ಮೇಸ್ತ್ರಿಯ ಬೆಂಚಿನ ಸುತ್ತ ಕೂತರು, ಗೇರಿನವರು ಟೈರಿನ ರಾಶಿಯ ಮೇಲೆ. ಸೊನ್ನೆ ದಿನವೂ ತನ್ನ ಕೋಣೆಯ ಗುಂಡಿಯ ಮೆಟ್ಟಿಲ ಮೇಲೆ ಕೂತು, ಮೇಲೆ ನಿಂತ ಗಾಡಿಯ ಹೊಟ್ಟೆ ನೋಡುತ್ತ ಉಣ್ಣುವವನು. ಇವತ್ತು ಎರಡೂ ಕಡೆಯಿಂದ ಕರೆ. ಒಂದು ಕಡೆ ಉಂಡು ಇನ್ನೊಂದು ಕಡೆ ಉಣ್ಣದಿದ್ದರೆ ಪಕ್ಷಪಾತವಾಗುತ್ತದೆಂದು ಎರಡು ಕಡೆಯೂ ಉಂಡ. ಹೊಟ್ಟೆ ನಗಾರಿಯಾಯಿತು. ಜ್ವರದ ಬಾಯಿಗೆ ಎಲ್ಲವೂ ಕಹಿಯೇ. ಆದರೂ ಬಡಿಸಿದ್ದನ್ನೆಲ್ಲ ಬಳಿದು ತಿಂದ.

ಮೇಸ್ತ್ರಿಯ ಬೆಂಚಿನಲ್ಲೇ ಆ ಮಾತು ಬಂದದ್ದು. ಬಿಲ್ಲೆಗಳ ಬಿಗಿತ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತಿದ್ದ ಮೇಸ್ತ್ರಿ ತಲೆಯೆತ್ತಿ, "ಒಬ್ಬನೇ ಓಡಿಸ್ತೀಯೋ, ಪಕ್ಕದಲ್ಲಿ ಯಾರಾದ್ರೂ ಕೂರ್ತಾರೋ?" ಎಂದು ಕೇಳಿದ. ಅವನು ಕೇಳಿದ್ದು ಕಾರಿನ ಭಾರದ ಬಗ್ಗೆ. ಅದರಲ್ಲಿ ಇನ್ನೇನೂ ಇರಲಿಲ್ಲ. ಆದರೆ ಬೆಂಚಿನ ಸುತ್ತ ಕೂತವರೆಲ್ಲ ಕೈಯಲ್ಲಿದ್ದ ತುತ್ತನ್ನು ತಡೆದು ಅವನ ಮುಖ ನೋಡಿದರು. ಒಬ್ಬನೇ ಎಂಬ ಪದ ಸೊನ್ನೆಯ ನಾಲಿಗೆಯ ತುದಿಯ ತನಕ ಬಂದು, ಹೊರಗಿನ ಜನ ನೋಡಿ, ನಾಚಿ ಒಳಕ್ಕೆ ಹೋಯಿತು.

"ಅಕ್ಕ ಕೂರ್ತಾಳೆ" ಅಂದ. "ಭಾನುವಾರ ಭಾನುವಾರ."

ಅವನಿಗೆ ಅಕ್ಕ ಇದ್ದದ್ದು ನಿಜ. ಅದೇ ಊರಿನ ಇನ್ನೊಂದು ತುದಿಯಲ್ಲಿ, ಹೊಲಿಗೆ ಮಿಷನ್ನಿನ ಮುಂದೆ, ಅವನಂತೆಯೇ ಒಬ್ಬಳೇ ಇದ್ದಳು. ಇಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಒಂದು ದಿನ ರಾಜಿಯಾದರೂ ಆಗುತ್ತಿತ್ತು. ವಾರಕ್ಕೊಮ್ಮೆ ಮಾಡುತ್ತಿದ್ದ ಫೋನು ತಿಂಗಳಿಗೊಮ್ಮೆಯಾಗಿ, ಆಮೇಲೆ ಟೈರಿನ ಹಲ್ಲು ಸವೆದ ಹಾಗೆ, ಯಾವಾಗ ಸವೆಯಿತೆಂದು ಯಾರಿಗೂ ತಿಳಿಯದೆ ಸವೆದುಹೋಗಿತ್ತು. ಅವಳು ಆ ಕಾರನ್ನು ಕಣ್ಣಿನಿಂದ ನೋಡಿರಲಿಲ್ಲ.

ಅಕ್ಕನ ಸುದ್ದಿ ಟೈರಿನ ರಾಶಿಯನ್ನು ತಲುಪಲು ತಡವಾಗಲಿಲ್ಲ. ಎಲೆಕ್ಟ್ರಿಷಿಯನ್ ಜಿಗಿದೆದ್ದ. ಪಕ್ಕದಲ್ಲಿ ಹೆಣ್ಣುಮಗಳು ಕೂರುವ ಕಾರಿಗೆ ಹಲ್ಲು ಕಡಿಯುವ ವಸ್ತು ಹಾಕುವುದುಂಟೇ ಎಂದ. ಕೂರುವವರಿಗೇ ಅಭ್ಯಂತರವಿಲ್ಲದಿದ್ದರೆ ನಿನಗೇನು ಕಷ್ಟ ಎಂದು ಮೇಸ್ತ್ರಿ ಕೇಳಿದ. ಹಾಗಾದರೆ ಕೂರುವವರನ್ನೇ ಕೇಳೋಣ ಎಂದಳು ಬಿಲ್ಲಿನ ಅಕ್ಕ. ಇದು ಎಲ್ಲರಿಗೂ ನ್ಯಾಯವಾಗಿ ತೋರಿತು. ಅಕ್ಕ ಈ ಹೊತ್ತಿನಲ್ಲಿ ಮಲಗಿರುತ್ತಾಳೆ ಎಂದ ಸೊನ್ನೆ. ಎಬ್ಬಿಸು ಎಂದರು. ಫೋನಿನಲ್ಲಿ ಚಾರ್ಜ್ ಇಲ್ಲ ಎಂದ. ಎಲೆಕ್ಟ್ರಿಷಿಯನ್ ಯಾರದೋ ಕಾರಿನ ಬ್ಯಾಟರಿಯನ್ನೇ ಹೊತ್ತುಕೊಂಡು ಬಂದ. ಕೊನೆಗೆ ಫೋನನ್ನು ಬೆಂಚಿನ ನಡುವೆ ಇಟ್ಟು, ಸ್ಪೀಕರ್ ಹಾಕಿ, ಎಲ್ಲರೂ ಅದರ ಸುತ್ತ ತಲೆ ಸೇರಿಸಿದರು. ಗಂಟೆ ಹೊಡೆದುಕೊಂಡಷ್ಟು ಹೊತ್ತೂ ಸೊನ್ನೆ, ಅವಳು ಎತ್ತದಿದ್ದರೆ ಸಾಕು ಎಂದು ಬೇಡಿಕೊಂಡ. ಇಷ್ಟು ದಿನ ಅವಳು ಎತ್ತಲಿ ಎಂದಾದರೂ ಒಮ್ಮೆ ಬೇಡಿಕೊಂಡಿದ್ದರೆ ಚೆನ್ನಾಗಿತ್ತು.

ಅವಳು ಎತ್ತಿದಳು.

"ಅಕ್ಕಾ, ನಾನು."

"ಯಾರು ಹೋದ್ರು?"

"ಯಾರೂ ಹೋಗಿಲ್ಲ."

"ಮತ್ತೆ ಫೋನ್ ಯಾಕೆ ಮಾಡ್ದೆ?"

ಬೆಂಚಿನ ಸುತ್ತ ಯಾರೋ ಕೆಮ್ಮಿದರು. ಸೊನ್ನೆಯ ಕಿವಿ ಕಾದ ಸೈಲೆನ್ಸರಿನಂತಾಯಿತು. ಒಂದೇ ಉಸಿರಿಗೆ ಹೇಳಿಬಿಟ್ಟ: "ಭಾನುವಾರ ನೀನು ನನ್ನ ಕಾರಲ್ಲಿ ಬರ್ತೀಯಲ್ಲ, ಅದಕ್ಕೆ ಹೊಸ ಡಿಫರೆನ್ಶಿಯಲ್ ಹಾಕ್ತಿದಾರೆ. ಸದ್ದು ಮಾಡೋದು ಹಾಕ್ಸೋದೋ, ಸದ್ದಿಲ್ಲದ್ದು ಹಾಕ್ಸೋದೋ ಅಂತ ಇವರೆಲ್ಲ ನಿನ್ನನ್ನ ಕೇಳು ಅಂದ್ರು."

ಅತ್ತ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಸದ್ದಿಲ್ಲದ್ದು ಹಾಕ್ಸು" ಎಂದಳು ಅಕ್ಕ. "ಹೋದ ವಾರ ನನ್ನ ಸೊಂಟ ಮುರಿದು ಕೈಗೆ ಬಂತು. ಅಷ್ಟು ಜೋರಾಗಿ ತಿರುಗಿಸ್ಬೇಡ ಅಂದ್ರೆ ಕೇಳೋನಲ್ಲ ನೀನು." ಫೋನ್ ಇಟ್ಟಳು.

ಗೇರಿನವರು ಬೆಂಚು ಗುದ್ದಿ ಕೂಗಿದರು. ಪಕ್ಕದಲ್ಲಿ ಕೂತವರ ಮಾತು ಬೇರೆ, ಓಡಿಸುವವನ ಮಾತು ಬೇರೆ ಎಂದು ಮೇಸ್ತ್ರಿ ಕಾನೂನು ತೆಗೆದ. ಸೊನ್ನೆಗೆ ಇದ್ಯಾವುದೂ ಕೇಳಿಸಲಿಲ್ಲ. ಅವನು ತನ್ನ ಕೋಣೆಗೆ ಹೋಗಿ, ಆಗಲೇ ಒರೆಸಿಟ್ಟಿದ್ದ ಅಳತೆಯ ಪರದೆಯ ಗಾಜನ್ನು ಮತ್ತೆ ಒರೆಸುತ್ತ ನಿಂತ. ಗಾಜಿನಲ್ಲಿ ಕಂಡ ಮುಖ ಚೆನ್ನಾಗಿ ಒರೆಸಿದಷ್ಟೂ ಮಸುಕಾಗುತ್ತಿತ್ತು.

ಅಷ್ಟರಲ್ಲಿ ಹೊರಗೆ ಗದ್ದಲ. ಮಾತಿನಿಂದ ಮುಗಿಯದ್ದನ್ನು ಕೆಲಸದಿಂದ ಮುಗಿಸುತ್ತೇನೆಂದು ಮೇಸ್ತ್ರಿ ತನ್ನವರನ್ನು ಕಟ್ಟಿಕೊಂಡು ಹೋಗಿ, ಸೊನ್ನೆಯ ಕಾರನ್ನು ಹಿತ್ತಲಿನಿಂದ ತಳ್ಳಿ ತಂದು ಮುಂದಿನ ಲಿಫ್ಟಿನ ಮೇಲೆ ನಿಲ್ಲಿಸಿದ್ದ. ಪ್ಲೇಟಿಗೆ ಅಳತೆ ತೆಗೆಯಬೇಕೆಂದು ಎಂಜಿನ್ನಿನಿಂದ ಬರುವ ದಂಡವನ್ನು ಬಿಚ್ಚಿಟ್ಟ. ಎಣ್ಣೆ ಬಸಿದ. ಎಲೆಕ್ಟ್ರಿಷಿಯನ್ ಆ ದಂಡವನ್ನು ಎತ್ತಿಕೊಂಡು ಹೋಗಿ ಬಚ್ಚಿಟ್ಟ. ಇವರಿಬ್ಬರೂ ಮೂಗಿಗೆ ಮೂಗು ತಾಗಿಸಿ ನಿಂತದ್ದೇ ಸಮಯವೆಂದು ವೆಲ್ಡಿಂಗಿನವನು ಗ್ಯಾಸಿನ ನಳಿಗೆ ಎಳೆದುಕೊಂಡು, ಕಣ್ಣಿಗೆ ಕಪ್ಪು ಗಾಜು ಏರಿಸಿ, ಕಾರಿನ ಕೆಳಗೆ ಹೊಕ್ಕಿದ್ದ. ಸೊನ್ನೆ ಓಡಿಬಂದು ಅವನ ಎರಡೂ ಕಾಲು ಹಿಡಿದು ಈಚೆಗೆ ಎಳೆದ. ಬೆಂಕಿಗೂ ಎಣ್ಣೆಗೂ ಒಂದು ಗೇಣು ಅಂತರವಿತ್ತು. ಹೊರಗೆ ಬಂದ ವೆಲ್ಡಿಂಗಿನವನು ಕನ್ನಡಕ ಎತ್ತಿ, ನಿನಗೆ ಒಳ್ಳೆಯದು ಮಾಡೋದೇ ಕಷ್ಟ ಕಣಯ್ಯಾ ಎಂದು ಮುನಿಸಿಕೊಂಡ.

ವ್ಯಾನ್ ಬಂದು ನಿಂತದ್ದು ಆಗಲೇ. ಯಜಮಾನರೂ ಗಾಜಿನ ಕೋಣೆಯಿಂದ ಇಳಿದು ಬಂದರು. ಬಿಚ್ಚಿದ ಗಾಡಿಗಳು, ನೆಲದ ಮೇಲೆ ಎಣ್ಣೆ, ವೈಪರ್ ಆಡಿಸುತ್ತ ನಿಂತ ಒಂದು ಕಾರು, ನಡುವೆ ಕಣ್ಣಿನ ವೈದ್ಯರು ಸಮೇತ ಇಡೀ ವರ್ಕ್‌ಶಾಪು. ಅವರು ಯಾರನ್ನೂ ಬೈಯಲಿಲ್ಲ. ಸೊನ್ನೆಯನ್ನು ನೋಡಿ, ಯಾವುದು ಎಂದು ಕೇಳಿದರು.

ಎಲ್ಲರೂ ಅವನ ಬಾಯಿ ನೋಡಿದರು. ಹುಟ್ಟಿದ ಮೇಲೆ ಅಷ್ಟು ಕಣ್ಣು ಅವನ ಮೇಲೆ ಒಟ್ಟಿಗೆ ಬಿದ್ದದ್ದಿಲ್ಲ. ಇನ್ನೊಂದು ಸಲ ನೋಡೋಣ ಎನ್ನಲು ವ್ಯಾನಿನವನು ಬಿಡುವಂತಿರಲಿಲ್ಲ.

"ಗೇರಿಂದು ಸಾರ್" ಎಂದ.

ಎಲೆಕ್ಟ್ರಿಷಿಯನ್ ಒಂದೇ ಒಂದು ಚಪ್ಪಾಳೆ ತಟ್ಟಿದ. ಯಜಮಾನರ ಮುಖವೂ ಅರಳಿತು.

"ಒಳ್ಳೆ ಆಯ್ಕೆ. ನಮ್ಮ ಹುಡುಗನಿಗೂ ಅದೇ ಬೇಕಂತೆ. ನೀನು ಬೆಳಗ್ಗಿಂದ ಇಷ್ಟು ತಲೆ ಕೆಡಿಸ್ಕೊಂಡು ಆರಿಸಿದೀಯ ಅಂದ್ಮೇಲೆ ತಪ್ಪಿರಲ್ಲ. ಮೇಸ್ತ್ರಿ, ಇದನ್ನ ಹುಡುಗನ ಗಾಡಿಗೆ ಹಾಕಿ. ಸೊನ್ನೆದು ಮುಂದಿನ ಸಲ ನೋಡೋಣ, ಅವನಿಗೆ ಎಲ್ಲಿಗೆ ಹೋಗೋದಿರುತ್ತೆ?"

ಯಾವುದನ್ನು ಹಾಕಬೇಕು ಎಂದು ಬೆಳಗಿನಿಂದ ಗಂಟಲು ಹರಿದುಕೊಂಡವರೆಲ್ಲ, ಯಾರಿಗೆ ಹಾಕಬೇಕು ಎಂಬಲ್ಲಿಗೆ ಬಂದಾಗ ತಮ್ಮ ತಮ್ಮ ಸಾಮಾನು ಎತ್ತಿಕೊಳ್ಳತೊಡಗಿದರು. ಮೇಸ್ತ್ರಿ ಸ್ಪ್ಯಾನರನ್ನು ಈ ಕೈಯಿಂದ ಆ ಕೈ ಬದಲಿಸಿದ. ಎಲೆಕ್ಟ್ರಿಷಿಯನ್ ಬಚ್ಚಿಟ್ಟಿದ್ದ ದಂಡವನ್ನು ತಂದು ಮೇಸ್ತ್ರಿಯ ಕಾಲ ಬಳಿ ಇಟ್ಟ. ಆ ದಿನ ಅವರಿಬ್ಬರ ನಡುವೆ ಮೂಡಿದ ಮೊದಲ ಒಮ್ಮತ ಅದು. ವೆಲ್ಡಿಂಗಿನವನು ನಳಿಗೆ ಸುತ್ತಿಕೊಂಡು ಹೊರಟ. ವೈದ್ಯರಿಗೆ ತಮ್ಮ ಚಕ್ರಗಳ ನೆನಪಾಯಿತು. ಗುಂಪು ಕರಗಿದ್ದು ಎಷ್ಟು ಬೇಗವೆಂದರೆ, ತಾನು ಈಗ ಯಾರ ಯಾರ ನಡುವೆ ನಿಂತಿದ್ದೆ ಎಂದು ಸೊನ್ನೆ ಬೆರಳು ಮಡಚಿ ಹೇಳಲಾರದೆ ಹೋದ.

ಅವನೂ ಏನೂ ಹೇಳಲಿಲ್ಲ. ಆ ವರ್ಕ್‌ಶಾಪಿನಲ್ಲಿ ಏನೂ ಹೇಳದಿರುವುದಕ್ಕೆ ಒಪ್ಪಿಗೆ ಎಂದು ಹೆಸರು. ಮಗನ ಹೊಸ ಗಾಡಿ ಬಾಗಿಲ ಹೊರಗೆ ಎಂಜಿನ್ ಚಾಲೂ ಇಟ್ಟುಕೊಂಡು ಕಾಯುತ್ತಿತ್ತು. ಲಿಫ್ಟು ಖಾಲಿ ಮಾಡಬೇಕು, ನಿನ್ನ ಗಾಡಿಯನ್ನು ಹಿತ್ತಲಿಗೆ ತಳ್ಳು ಎಂದು ಯಜಮಾನರು ಹೇಳಿದರು. ಸೊನ್ನೆ ಲಿಫ್ಟನ್ನು ನೆಲಕ್ಕೆ ಇಳಿಸಿ, ತನ್ನ ಕಾರಿನ ಹಿಂದೆ ಹೋಗಿ, ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿದ. ಉಳಿದವರು ಬಂದು ಕೈಹಚ್ಚಿದರು. ಅಷ್ಟರ ಮಟ್ಟಿಗೆ ಎಲ್ಲರೂ ಒಳ್ಳೆಯವರೇ.

ಕಾರಿನ ಎಡಗಡೆಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ಸೊನ್ನೆ ತಲೆಯೆತ್ತಿ ನೋಡಿದ. ಹಿಂದಿನ ಗಾಜಿನ ಮೂಲಕ, ಪಕ್ಕದ ಸೀಟಿನಲ್ಲಿ, ಒಂದು ಹೆಂಗಸಿನ ತಲೆ ಕಾಣಿಸಿತು. ಕಿವಿಯ ಮೇಲಿನ ಕೂದಲು ನರೆತಿತ್ತು. ಆ ತಲೆಯನ್ನು ಗುರುತಿಸಲು ಅವನಿಗೆ ನಾಚಿಕೆಗೇಡಾಗುವಷ್ಟು ಹೊತ್ತು ಹಿಡಿಯಿತು.

ಅವಳು ಎರಡು ಬಸ್ಸು ಬದಲಿಸಿ, ಬಿಲ್ಲಿನ ಅಕ್ಕನ ಹತ್ತಿರ ತಮ್ಮನ ಕಾರು ಯಾವುದೆಂದು ಕೇಳಿಕೊಂಡು, ಯಾರನ್ನೂ ಮಾತಾಡಿಸದೆ ನೆಟ್ಟಗೆ ಬಂದು ಕೂತಿದ್ದಳು. ಸೊನ್ನೆ ಸುತ್ತು ಹಾಕಿ ಕಿಟಕಿಯ ಬಳಿ ಬಂದು, ಅಕ್ಕಾ ನೀನು ಇಲ್ಲಿ ಹೇಗೆ ಎಂದು ತೊದಲಿದ.

"ಫೋನ್ ಇಟ್ಟ ಮೇಲೆ ಹೊಲಿಗೆ ನೆಟ್ಟಗೆ ಬರಲಿಲ್ಲ" ಎಂದಳು. "ಭಾನುವಾರದ ತನಕ ಕಾಯೋಕಾಗಲಿಲ್ಲ. ಹೊರಡು."

ಕಾರು ಹೊರಡುವ ಸ್ಥಿತಿಯಲ್ಲಿ ಇಲ್ಲವೆಂದು ಅವನು ಹೇಳಬೇಕಾಯಿತು. ಏನಾಗಿದೆ ಎಂದು ಕೇಳಿದಳು. ಒಡೆದಿದೆ ಎಂದ. ಸದ್ದಿಲ್ಲದ್ದು ತರಿಸುತ್ತಾರೆ ಎಂದಿದ್ದೆಯಲ್ಲ, ಬಂತೇ ಎಂದಳು. ಬಂದಿದೆ ಎಂದ. ಮತ್ತೆ ಹಾಕು ಎಂದಳು. ಅದನ್ನು ಆ ಗಾಡಿಗೆ ಹಾಕುತ್ತಾರೆ ಎಂದು ಅವನು ಬಾಗಿಲ ಹೊರಗೆ ಕೈ ತೋರಿಸಿದ. ಅಕ್ಕ ಹೊಸ ಗಾಡಿಯನ್ನು ನೋಡಿದಳು, ಅದರೊಳಗೆ ಕೂತು ಫೋನ್ ತಿರುವುತ್ತಿದ್ದ ಮಗನನ್ನು ನೋಡಿದಳು, ಕಾರಿನ ಹಿಂದೆ ಕೈಯೂರಿ ನಿಂತವರನ್ನೆಲ್ಲ ಕನ್ನಡಿಯಲ್ಲಿ ಒಬ್ಬೊಬ್ಬರನ್ನಾಗಿ ನೋಡಿದಳು.

ಯಜಮಾನರು ಮುಂದೆ ಬಂದರು. "ಇಳೀರಮ್ಮ, ಗಾಡಿ ಹಿತ್ತಲಿಗೆ ತಳ್ಬೇಕು. ನಿಮ್ಮ ತಮ್ಮ ಒಪ್ಪಿದಾನೆ."

"ಒಪ್ಪಿದ್ಯಾ?" ಅಕ್ಕ ಅವನನ್ನು ಕೇಳಿದಳು.

ಸೊನ್ನೆ ಲಿಫ್ಟಿನ ಕಂಬ ನೋಡಿದ.

ಅವಳು ಪಕ್ಕದಿಂದ ಬೆಲ್ಟನ್ನು ಎಳೆದು ಮಡಿಲಿಗೆ ತಂದುಕೊಂಡಳು. ಅದರ ನಾಲಿಗೆ ಎಲ್ಲಿ ಸೇರಬೇಕೆಂದು ಸೀಟಿನ ಸಂದಿಯಲ್ಲಿ ತಡಕಾಡಿದಳು. ಸಿಗಲಿಲ್ಲ. "ಇದನ್ನ ಎಲ್ಲಿ ಸಿಕ್ಸೋದು?" ಎಂದು ಜೋರಾಗಿಯೇ ಕೇಳಿದಳು.

ಭಾನುವಾರ ಭಾನುವಾರ ಆ ಸೀಟಿನಲ್ಲಿ ಕೂರುವವಳ ಬಾಯಿಂದ ಬಂದ ಆ ಪ್ರಶ್ನೆ ವರ್ಕ್‌ಶಾಪಿನ ಎಲ್ಲರ ಕಿವಿಗೂ ಬಿತ್ತು. ಎಲೆಕ್ಟ್ರಿಷಿಯನ್ ತನ್ನ ಬೂಟು ನೋಡಿಕೊಂಡ. ಮೇಸ್ತ್ರಿ ಡಿಕ್ಕಿಯ ಮೇಲಿದ್ದ ಕೈ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟ. ಸೊನ್ನೆ ಕಿಟಕಿಯೊಳಕ್ಕೆ ಬಗ್ಗಿ, ಸೀಟಿನ ಸಂದಿಯಲ್ಲಿ ಹುದುಗಿಹೋಗಿದ್ದ ಕೊಂಡಿಯನ್ನು ಹುಡುಕಿ ತೆಗೆದು, ಅದರ ದೂಳು ಊದಿ, ಬೆಲ್ಟು ಸಿಕ್ಕಿಸಿದ. ಟಕ್ ಎಂದಿತು.

"ನಿಮ್ಮ ಅಕ್ಕನ್ನ ಇಳ್ಸು" ಎಂದರು ಯಜಮಾನರು, ಈ ಸಲ ಅವನಿಗೆ. "ಇಲ್ಲಾಂದ್ರೆ ನಾಳೆಯಿಂದ ನೀನೂ ಬರೋದು ಬೇಡ."

ಬಗ್ಗಿದವನು ಬಗ್ಗಿದಂತೆಯೇ ಇದ್ದ. ಅಕ್ಕನ ಮುಖ ಒಂದು ಮೊಳದ ದೂರದಲ್ಲಿತ್ತು.

"ಅಕ್ಕಾ, ಇಳಿ" ಎಂದ. "ಕೆಲಸ ಹೋಗುತ್ತೆ ನಂದು."

ಅಕ್ಕ ಮುಂದಿನ ಗಾಜಿನ ಕಡೆ ತಿರುಗಿ, ಕಾರು ಆಗಲೇ ಬೆಟ್ಟದ ರಸ್ತೆ ಹತ್ತುತ್ತಿದೆಯೇನೋ ಎಂಬಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅವರಿಗೆ ಹೇಳು" ಎಂದಳು, "ನಾನು ಇಳಿಯಲ್ಲ."